ಮೇಲಿನ ಗದ್ದೆ, ಕೆಳಗಿನ ಗದ್ದೆ ಮತ್ತು ಕಂಪ್ಯೂಟರ್



ಒಂದು ಕೆರೆ ಇದೆ ಎನ್ನಿ. ಅದರ ಕೆಳಗೆ ನೂರು ಎಕರೆ ಗದ್ದೆ. ಗದ್ದೆಯ ಒಡೆಯರು ಅರವತ್ತು ಮಂದಿ. ತೂಬು ಮಾತ್ರ ಒಂದೇ. ಮಳೆ ಬಂದು ಕೆರೆ ತುಂಬಿತು. ಈಗ ಯಾರು ಮೊದಲು ಕೆಸರು ಮಾಡಬೇಕು? ಯಾರು ಕಾಯಬೇಕು?

ಎಲ್ಲರೂ ಒಂದೇ ವಾರದಲ್ಲಿ ನಾಟಿಗೆ ಇಳಿದರೆ ಕಾಲುವೆಯ ಕೊನೆಯವನಿಗೆ ನೀರು ಮುಟ್ಟುವುದಿಲ್ಲ. ಒಬ್ಬೊಬ್ಬರು ಒಂದೊಂದು ವಾರ ನಾಟಿ ಮಾಡಿದರೆ ನೀರೇನೋ ಸಾಲುತ್ತದೆ. ಆದರೆ ಮೊದಲು ನೆಟ್ಟವನ ಗದ್ದೆಯಲ್ಲಿ ಬೆಳೆದ ಹುಳು ಅಲ್ಲಿ ಪೈರು ಬಲಿತ ಕೂಡಲೇ ಪಕ್ಕದ ಎಳೆಯ ಪೈರಿಗೆ ದಾಟುತ್ತದೆ. ಅಲ್ಲಿಂದ ಅದರಾಚೆಯ ಗದ್ದೆಗೆ. ಹೀಗೆ ಹುಳುವಿಗೆ ವರ್ಷವೆಲ್ಲ ಹಬ್ಬ. ನೀರಿನ ಕಷ್ಟ ತಪ್ಪಿಸಹೋದರೆ ಹುಳುವಿನ ಕಷ್ಟ. ಹುಳುವಿನ ಕಷ್ಟ ತಪ್ಪಿಸಹೋದರೆ ನೀರಿನ ಕಷ್ಟ.

ಇದು ಒಬ್ಬ ರೈತನು ತನ್ನ ಗದ್ದೆಯ ಬದುವಿನೊಳಗೆ ನಿಂತು ಬಿಡಿಸಬಹುದಾದ ಒಗಟಲ್ಲ. ಇಂತಹ ಒಗಟುಗಳನ್ನು ಬಿಡಿಸಲು ಈಗ ಕಂಪ್ಯೂಟರಿನಲ್ಲಿ ಒಂದು ವಿಧಾನವಿದೆ. ಅದಕ್ಕೆ ಬಹು ಏಜೆಂಟ್ ವಿಧಾನವೆಂದು ಹೆಸರು. ಹೆಸರು ದೊಡ್ಡದಾದರೂ ವಿಷಯ ರೈತರಿಗೆ ಹೊಸದಲ್ಲ. ಅದೇನೆಂಬುದನ್ನೂ, ಅದರಿಂದ ಒಂದು ಭತ್ತದ ಸೀಮೆಗೆ ತಿಳಿದುಬಂದುದೇನೆಂಬುದನ್ನೂ, ನಮ್ಮ ಕೆರೆ ಕಾಲುವೆಗಳಿಗೆ ಅದರಿಂದ ಕಲಿಯಬೇಕಾದುದೇನೆಂಬುದನ್ನೂ ಈ ಪಾಠದಲ್ಲಿ ನೋಡೋಣ.

ಏಜೆಂಟ್ ಎಂದರೆ ಯಾರು?

ಏಜೆಂಟ್ ಎಂದ ಕೂಡಲೇ ನಿಮಗೆ ಮಂಡಿಯ ಕಮಿಷನ್ ಏಜೆಂಟರ ನೆನಪಾಗಬಹುದು. ಇಲ್ಲಿ ಆ ಮಾತಲ್ಲ. ಕಂಪ್ಯೂಟರಿನೊಳಗೆ ಬರೆದಿಟ್ಟ ಒಂದು ಪುಟ್ಟ ಲೆಕ್ಕಾಚಾರಕ್ಕೆ ಏಜೆಂಟ್ ಎನ್ನುತ್ತಾರೆ. ಅದಕ್ಕೆ ಮೂರು ಗುಣಗಳಿರುತ್ತವೆ. ಒಂದನೆಯದು, ತನ್ನ ಸುತ್ತಮುತ್ತಲಿನ ಸಂಗತಿ ಅದಕ್ಕೆ ಕಾಣುತ್ತದೆ. ಊರೆಲ್ಲದರ ಸಂಗತಿ ಕಾಣುವುದಿಲ್ಲ. ಎರಡನೆಯದು, ಕಂಡದ್ದನ್ನು ನೋಡಿ ತಾನೇ ಒಂದು ತೀರ್ಮಾನ ಮಾಡುತ್ತದೆ. ಮೂರನೆಯದು, ನೆರೆಯ ಏಜೆಂಟರೊಡನೆ ಸಂದೇಶ ಕೊಟ್ಟು ತೆಗೆದುಕೊಳ್ಳುತ್ತದೆ, ಇಲ್ಲವೇ ಅವರು ಮಾಡುವುದನ್ನು ನೋಡಿ ಕಲಿಯುತ್ತದೆ.

ಇಂತಹ ಏಜೆಂಟರು ನೂರಾರು ಸೇರಿದರೆ ಅದು ಬಹು ಏಜೆಂಟ್ ವ್ಯವಸ್ಥೆ. ಇಲ್ಲಿ ಎಲ್ಲವನ್ನೂ ಮೇಲೆ ಕುಳಿತು ಒಬ್ಬನೇ ಆಳುವುದಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸ ಮಾಡುತ್ತ ಹೋದಂತೆ ಒಟ್ಟು ಕೆಲಸ ತಾನಾಗಿ ಒಂದು ಕ್ರಮಕ್ಕೆ ಬರುತ್ತದೆ. ಇರುವೆ ಸಾಲನ್ನು ನೋಡಿ. ಸಾಲು ಕಟ್ಟಿರೆಂದು ಯಾವ ಇರುವೆಯೂ ಅಪ್ಪಣೆ ಕೊಟ್ಟಿಲ್ಲ. ಆಹಾರ ಕಂಡ ಇರುವೆ ಹಿಂದಿರುಗುವಾಗ ದಾರಿಯಲ್ಲಿ ವಾಸನೆ ಬಿಡುತ್ತದೆ. ಮತ್ತೊಂದು ಇರುವೆ ಆ ವಾಸನೆ ಹಿಡಿದು ಬರುತ್ತದೆ. ಹತ್ತಿರದ ದಾರಿಯಲ್ಲಿ ಇರುವೆಗಳು ಬೇಗ ಬೇಗ ಹೋಗಿ ಬರುವುದರಿಂದ ಅಲ್ಲಿ ವಾಸನೆ ಗಾಢವಾಗುತ್ತದೆ. ದೂರದ ದಾರಿಯ ವಾಸನೆ ಆರಿಹೋಗುತ್ತದೆ. ಕೊನೆಗೆ ಸಾಲೆಲ್ಲ ಹತ್ತಿರದ ದಾರಿಗೇ ಸೇರುತ್ತದೆ.

ಬಾಲಿ ದ್ವೀಪದ ಸುಬಕ್

ಇಂಡೊನೇಷ್ಯಾ ದೇಶದಲ್ಲಿ ಜಾವಾ ದ್ವೀಪದ ಪೂರ್ವಕ್ಕೆ ಬಾಲಿ ಎಂಬ ದ್ವೀಪವಿದೆ. ಅಲ್ಲಿಯವರ ಮುಖ್ಯ ಬೆಳೆ ಭತ್ತ. ನಾಡಿನ ನಡುವೆ ಜ್ವಾಲಾಮುಖಿ ಬೆಟ್ಟಗಳು. ಅಲ್ಲಿಂದ ಇಳಿಯುವ ನದಿಗಳು ಆಳವಾದ ಕಣಿವೆಗಳಲ್ಲಿ ಹರಿಯುತ್ತವೆ. ಗದ್ದೆಗಳು ಮಾತ್ರ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಇವೆ. ಆದುದರಿಂದ ಅಲ್ಲಿಯ ಹಿರಿಯರು ನದಿಗೆ ಸಣ್ಣ ಒಡ್ಡು ಕಟ್ಟಿ, ಬೆಟ್ಟದಲ್ಲಿ ಸುರಂಗ ಕೊರೆದು, ಕಾಲುವೆ ತೆಗೆದು ನೀರು ತಂದರು.

ಒಂದೇ ಮೂಲದಿಂದ ನೀರು ಪಡೆಯುವ ರೈತರೆಲ್ಲರ ಕೂಟಕ್ಕೆ ಅಲ್ಲಿ ಸುಬಕ್ ಎಂದು ಹೆಸರು. ಈ ಮಾತು ಹನ್ನೊಂದನೆಯ ಶತಮಾನದ ಶಾಸನಗಳಲ್ಲಿಯೇ ಕಾಣುತ್ತದೆ. ದ್ವೀಪದಲ್ಲಿ ಇಂತಹ ಸುಮಾರು 1,200 ಕೂಟಗಳುಂಟು. ಒಂದೊಂದರಲ್ಲಿ ಐವತ್ತರಿಂದ ನಾಲ್ಕು ನೂರರ ತನಕ ರೈತರಿರುತ್ತಾರೆ. ಕಾಲುವೆಗೆ ಅಡ್ಡಲಾಗಿ ಮರದ ದಿಮ್ಮಿ ಹಾಕಿ, ಅದರಲ್ಲಿ ಪಾಲಿಗೆ ತಕ್ಕ ಅಗಲದ ಕಚ್ಚುಗಳನ್ನು ಕೊರೆದು ನೀರನ್ನು ಭಾಗ ಮಾಡುತ್ತಾರೆ. ನೀರು ಏರಲಿ ಇಳಿಯಲಿ, ಪಾಲು ಪಾಲೇ.

ಒಡ್ಡು, ಕವಲು ಇರುವ ಕಡೆಗಳಲ್ಲೆಲ್ಲ ಅವರು ಗುಡಿ ಕಟ್ಟಿದ್ದಾರೆ. ಇವಕ್ಕೆ ನೀರಿನ ಗುಡಿಗಳೆನ್ನುತ್ತಾರೆ. ಒಂದೇ ಒಡ್ಡಿನ ನೀರು ಕುಡಿಯುವ ಸುಬಕ್‌ಗಳ ಮುಖಂಡರು ಆ ಗುಡಿಯಲ್ಲಿ ಸೇರಿ, ಈ ಸಲ ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಬಿಡುವಾಗಿಡಬೇಕು ಎಂದು ಗೊತ್ತುಮಾಡುತ್ತಾರೆ. ಎಲ್ಲಕ್ಕೂ ಮೇಲಿನದು ಬಾತೂರ್ ಬೆಟ್ಟದ ಕೆರೆಯ ದೇವಿಯ ಗುಡಿ. ನಮ್ಮಲ್ಲಿ ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿಯು ಮಾಡುತ್ತಿದ್ದ ಕೆಲಸವನ್ನು, ಹಲವು ಊರುಗಳಿಗೆ ಸೇರಿಸಿ, ಅಲ್ಲಿ ಗುಡಿಯ ಸಭೆ ಮಾಡುತ್ತದೆ ಎಂದರೆ ತಪ್ಪಾಗಲಾರದು.

ಈ ಕ್ರಮದಲ್ಲಿ ಒಂದು ಜಾಣತನವಿದೆ. ಅಕ್ಕಪಕ್ಕದ ಹಲವು ಸುಬಕ್‌ಗಳು ಒಂದೇ ಕಾಲಕ್ಕೆ ಕೊಯ್ದು ಒಂದೇ ಕಾಲಕ್ಕೆ ಗದ್ದೆಯನ್ನು ಬಿಡುವಾಗಿಟ್ಟರೆ ಅಷ್ಟು ದೊಡ್ಡ ಬಯಲಿನಲ್ಲಿ ಹುಳುವಿಗೂ ಇಲಿಗೂ ತಿನ್ನಲು ಏನೂ ಉಳಿಯುವುದಿಲ್ಲ. ಹುಳು ಹಾರಿ ದಾಟಲಾರದಷ್ಟು ಬಯಲು ಖಾಲಿಯಾಗಬೇಕು. ಒಂದೆರಡು ಗದ್ದೆ ಖಾಲಿಯಾದರೆ ಪ್ರಯೋಜನವಿಲ್ಲ. ಅತ್ತ ದೂರದ ಮತ್ತೊಂದು ಗುಂಪಿನ ಸುಬಕ್‌ಗಳು ಬೇರೆ ಕಾಲಕ್ಕೆ ನಾಟಿ ಮಾಡುವುದರಿಂದ ನದಿಯ ನೀರು ಸರದಿಯಲ್ಲಿ ಎಲ್ಲರಿಗೂ ಸಾಲುತ್ತದೆ.

ಸರದಿ ತಪ್ಪಿದಾಗ ಆದ ನಷ್ಟ

1970ರ ದಶಕದಲ್ಲಿ ಹೆಚ್ಚು ಇಳುವರಿಯ ಹೊಸ ತಳಿಗಳು ಬಾಲಿಗೆ ಬಂದವು. ಬೇಗ ಬಲಿಯುವ ತಳಿಗಳಾದ್ದರಿಂದ ವರ್ಷಕ್ಕೆ ಎಷ್ಟು ಬೆಳೆ ತೆಗೆಯಲು ಸಾಧ್ಯವೋ ಅಷ್ಟನ್ನೂ ತೆಗೆಯಿರಿ ಎಂದು ಸರ್ಕಾರದ ಸಲಹೆಯಾಯಿತು. ಗುಡಿಯ ಸರದಿಯನ್ನು ಕಾಯಬೇಕಾಗಿಲ್ಲವೆಂದಾಯಿತು. ತಳಿಯಲ್ಲಿ ದೋಷವಿರಲಿಲ್ಲ, ಮೊದಮೊದಲು ಫಸಲು ಚೆನ್ನಾಗಿಯೇ ಬಂತು. ಆದರೆ ಪ್ರತಿಯೊಬ್ಬರೂ ತಮಗೆ ತೋಚಿದಾಗ ನಾಟಿ ಮಾಡತೊಡಗಿದ ಮೇಲೆ ನೀರಿಗೆ ಜಗಳ ಬಂತು. ಹಿಂದೆಯೇ ಹುಳು ಬಂತು.

ಆ ಹುಳು ಕಂದು ಜಿಗಿಹುಳು. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕೆ ಹತ್ತಿರ ಕುಳಿತು ರಸ ಹೀರುತ್ತದೆ. ಗದ್ದೆಯ ನಡುವೆ ದುಂಡಗೆ ಸುಟ್ಟ ಹಾಗೆ ಪೈರು ಒಣಗುತ್ತದೆ. ಬಾಲಿಯಲ್ಲಿ ಐ.ಆರ್. 8 ತಳಿಯನ್ನು ಇದು ಹಾಳುಮಾಡಿತು. ಇದನ್ನು ತಡೆಯುವ ಐ.ಆರ್. 36 ತಳಿಯನ್ನು ತಂದರೆ ಅದಕ್ಕೆ ತುಂಗ್ರೋ ಎಂಬ ನಂಜುರೋಗ ತಗುಲಿತು. ಅದನ್ನು ತಡೆಯುವ ಮತ್ತೊಂದು ತಳಿಯನ್ನು ತಂದರೆ ಅದಕ್ಕೆ ಎಲೆಚುಕ್ಕೆ ರೋಗ. ಔಷಧಿ ಹೊಡೆದರೆ ಜಿಗಿಹುಳುವನ್ನು ತಿನ್ನುವ ಜೇಡಗಳೇ ಮೊದಲು ಸತ್ತವು. ಹುಳು ಮತ್ತಷ್ಟು ಹೆಚ್ಚಿತು. ಈ ತೊಂದರೆ ಇಂಡೊನೇಷ್ಯಾದಲ್ಲೆಲ್ಲ ಕಂಡಿತು. 1986ರಲ್ಲಿ ಆ ದೇಶದ ಅಧ್ಯಕ್ಷರು ಭತ್ತದ ಮೇಲೆ 57 ಕೀಟನಾಶಕಗಳನ್ನು ಬಳಸಕೂಡದೆಂದು ಆಜ್ಞೆ ಮಾಡಬೇಕಾಯಿತು.

1979ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಬಾಲಿಯ ನೀರಾವರಿಯನ್ನು ಸುಧಾರಿಸುವ ಯೋಜನೆಯೂ ಆರಂಭವಾಗಿತ್ತು. ಒಡ್ಡುಗಳಿಗೂ ಕಾಲುವೆಗಳಿಗೂ ಹಣ ಬಂತು. ಗುಡಿಗಳ ಸರದಿ ಮಾತ್ರ ಯೋಜಕರ ಗಮನಕ್ಕೆ ಬರಲಿಲ್ಲ. ಹಳೆಯ ಕ್ರಮದ ಬೆಲೆ ಅರಿಯದೆ ಹೋದುದು ದುಬಾರಿಯಾಯಿತೆಂದು ಬ್ಯಾಂಕಿನ 1988ರ ಪರಿಶೀಲನಾ ವರದಿಯೇ ಒಪ್ಪಿಕೊಂಡಿತು. ಅಷ್ಟರೊಳಗೆ ರೈತರು ಅನೇಕ ಕಡೆ ತಾವಾಗಿಯೇ ಗುಡಿಯ ಸರದಿಗೆ ಹಿಂದಿರುಗಿದ್ದರು.

ಕಂಪ್ಯೂಟರಿನಲ್ಲಿ 172 ಸುಬಕ್

ಗುಡಿಯ ಸರದಿ ನಿಜವಾಗಿಯೂ ಫಸಲು ಕಾಯುತ್ತದೆಯೇ, ಅಥವಾ ಅದು ಬರಿಯ ಹಳೆಯ ನಂಬಿಕೆಯೇ? ಇದನ್ನು ಪರೀಕ್ಷೆ ಮಾಡುವುದು ಹೇಗೆ? ನೂರಾರು ಊರುಗಳ ಗದ್ದೆಗಳನ್ನು ಪ್ರಯೋಗಕ್ಕೆ ಒಡ್ಡುವುದು ಸಾಧ್ಯವಿಲ್ಲ. ಒಂದು ವರ್ಷ ಕೆಟ್ಟರೆ ಮನೆಮಂದಿ ಉಪವಾಸ ಬೀಳಬೇಕು. ಏಜೆಂಟ್ ವಿಧಾನ ಉಪಯೋಗಕ್ಕೆ ಬಂದುದು ಇಲ್ಲಿ.

ಬಾಲಿಯ ರೈತರ ನಡುವೆ ಬಹುಕಾಲ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಸ್ಟೀಫನ್ ಲ್ಯಾನ್ಸಿಂಗ್ ಎಂಬುವರೂ, ಜೇಮ್ಸ್ ಕ್ರೆಮರ್ ಎಂಬ ವಿಜ್ಞಾನಿಯೂ ಸೇರಿ ದಕ್ಷಿಣ ಬಾಲಿಯ ಓಸ್ ಮತ್ತು ಪೆತಾನು ಎಂಬ ಎರಡು ನದಿಗಳ ಸೀಮೆಯನ್ನು ಕಂಪ್ಯೂಟರಿನೊಳಗೆ ಕಟ್ಟಿದರು. ಆ ಸೀಮೆಯಲ್ಲಿ 172 ಸುಬಕ್‌ಗಳು. ಒಂದೊಂದು ಸುಬಕ್ ಒಂದೊಂದು ಏಜೆಂಟ್. ಎಲ್ಲಿ ಮಳೆ ಎಷ್ಟು, ನದಿಯಲ್ಲಿ ನೀರು ಎಷ್ಟು, ಯಾರ ಒಡ್ಡಿನ ನೀರು ಯಾರಿಗೆ ಇಳಿಯುತ್ತದೆ, ಪೈರು ಯಾವ ತಿಂಗಳಲ್ಲಿ ಎಷ್ಟು ನೀರು ಬೇಡುತ್ತದೆ, ಹುಳು ಹೇಗೆ ಹೆಚ್ಚಿ ಪಕ್ಕದ ಗದ್ದೆಗೆ ದಾಟುತ್ತದೆ ಎಂಬುದನ್ನೆಲ್ಲ ಲೆಕ್ಕಕ್ಕೆ ಸೇರಿಸಿದರು. ಮೊದಲು ಲೆಕ್ಕದ ಫಸಲನ್ನು 1988 ಮತ್ತು 1989ರ ನಿಜವಾದ ಫಸಲಿನೊಡನೆ ಹೋಲಿಸಿ ನೋಡಿದರು. ಹೊಂದಿಕೆಯಾದ ಮೇಲೆಯೇ ಮುಂದಿನ ಪ್ರಯೋಗ.

ಮೊದಲನೆಯ ಪ್ರಯೋಗದಲ್ಲಿ ಬೇರೆ ಬೇರೆ ಕ್ರಮಗಳನ್ನು ತೂಗಿದರು. ಪ್ರತಿ ಸುಬಕ್ ತನಗೆ ಬೇಕಾದಾಗ ನಾಟಿ ಮಾಡಿದರೆ ನೀರು ಹಂಚಿಹೋಗುತ್ತದೆ, ಹುಳು ಮಿತಿಮೀರುತ್ತದೆ. ಇಡೀ ಸೀಮೆ ಒಂದೇ ದಿನ ನಾಟಿ ಮಾಡಿದರೆ ಹುಳು ಅಡಗುತ್ತದೆ, ನೀರು ಸಾಲದೆ ಪೈರು ಒಣಗುತ್ತದೆ. ಇವೆರಡರ ನಡುವೆ, ನೀರಿನ ಗುಡಿಗಳು ಕೂಡಿಸುವಷ್ಟು ಸುಬಕ್‌ಗಳು ಒಟ್ಟಾಗಿ ನಾಟಿ ಮಾಡಿದಾಗ ಫಸಲು ಎಲ್ಲಕ್ಕಿಂತ ಹೆಚ್ಚು ಬಂತು.

ಎರಡನೆಯ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ಈ ಸಲ ಗುಡಿಯ ಮಾತೇ ಇಲ್ಲ. ಪ್ರತಿ ಸುಬಕ್‌ಗೂ ಚೀಟಿ ಎತ್ತಿದ ಹಾಗೆ ಒಂದು ನಾಟಿಯ ಕಾಲವನ್ನು ಕೊಟ್ಟರು. ವರ್ಷದ ಕೊನೆಯಲ್ಲಿ ಅದು ತನ್ನ ಹತ್ತಿರದ ನೆರೆಯವರನ್ನು ನೋಡಬೇಕು. ತನಗಿಂತ ಹೆಚ್ಚು ಬೆಳೆದವರಿದ್ದರೆ ಮುಂದಿನ ವರ್ಷ ಅವರ ಕಾಲವನ್ನೇ ಅನುಸರಿಸಬೇಕು. ಇಷ್ಟೇ ನಿಯಮ. ಲೆಕ್ಕದಲ್ಲಿ ವರ್ಷಗಳು ಉರುಳಿದ ಹಾಗೆ ಚೆಲ್ಲಾಪಿಲ್ಲಿಯಾಗಿದ್ದ ನಾಟಿಯ ಕಾಲಗಳು ಗುಂಪು ಗುಂಪಾಗಿ ಕೂಡಿದವು, ಫಸಲು ಏರಿತು. ಆ ಗುಂಪುಗಳ ನಕ್ಷೆ ಬಾಲಿಯ ಗುಡಿಗಳ ನಕ್ಷೆಯನ್ನು ಹೋಲುತ್ತಿತ್ತು. ಅಂದರೆ ಆ ಸರದಿಯನ್ನು ಒಬ್ಬ ರಾಜನೋ ಒಬ್ಬ ಪಂಡಿತನೋ ಕುಳಿತು ರಚಿಸಿರಬೇಕಾಗಿಲ್ಲ. ನೆರೆಹೊರೆಯವರು ಒಬ್ಬರನ್ನೊಬ್ಬರು ನೋಡಿ ಕಲಿಯುತ್ತಲೇ ಅದನ್ನು ಮುಟ್ಟಬಹುದು. ಈ ಸಂಶೋಧನೆ 1993ರಲ್ಲಿ ಪ್ರಕಟವಾಯಿತು. 2012ರಲ್ಲಿ ಯುನೆಸ್ಕೋ ಸಂಸ್ಥೆ ಬಾಲಿಯ ಸುಬಕ್ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೇಲಿನವನು ಕೆಳಗಿನವನಿಗೆ ಏಕೆ ನೀರು ಬಿಡಬೇಕು?

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ತೂಬಿನ ಹತ್ತಿರ ಗದ್ದೆ ಇರುವವನಿಗೆ ನೀರಿನ ಚಿಂತೆ ಇಲ್ಲ. ಅವನು ಕೆಳಗಿನವನ ಮಾತು ಏಕೆ ಕೇಳಬೇಕು? ಧರ್ಮಕ್ಕಾಗಿ ಎಂದರೆ ಎಲ್ಲರೂ ಒಪ್ಪುವುದಿಲ್ಲ.

ಲ್ಯಾನ್ಸಿಂಗ್ ಅವರು ಬಾಲಿಯ ರೈತರನ್ನೇ ಕೇಳಿದರು: ನಿಮಗೆ ಯಾವುದರ ಭಯ ಹೆಚ್ಚು, ನೀರಿನ ಕೊರತೆಯದೋ ಹುಳುವಿನದೋ? ಕೆಳಗಿನವರು ನೀರು ಎಂದರು. ಮೇಲಿನವರು ಹೆಚ್ಚಾಗಿ ಹುಳು ಎಂದರು. ಗುಟ್ಟು ಇಲ್ಲಿದೆ. ಮೇಲಿನವನ ಕೈಯಲ್ಲಿ ನೀರಿದೆ. ಕೆಳಗಿನವನ ಕೈಯಲ್ಲೂ ಒಂದು ಬಲವಿದೆ: ಅವನು ಬೇರೆ ಕಾಲಕ್ಕೆ ನಾಟಿ ಮಾಡಿದರೆ ಅವನ ಗದ್ದೆಯ ಹುಳು ಮೇಲಿನವನ ಪೈರಿಗೆ ಬರುತ್ತದೆ. ನೀರು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಹುಳು ಎರಡೂ ಕಡೆಗೆ ಹಾರುತ್ತದೆ. ಆದುದರಿಂದ ಮೇಲಿನವನು ಸ್ವಲ್ಪ ನೀರು ಬಿಟ್ಟು ಕೆಳಗಿನವನನ್ನು ತನ್ನ ಕಾಲಕ್ಕೆ ಹೊಂದಿಸಿಕೊಳ್ಳುವುದು ಅವನ ಲಾಭಕ್ಕೇ ಸರಿ.

ಭೂತಾನದಲ್ಲಿ ಆಡಿದ ಆಟ

ನಮ್ಮ ನೆರೆಯ ಭೂತಾನದ ಲಿಂಗ್ಮುಟೇಚು ಕಣಿವೆಯಲ್ಲಿ ಲಿಂಬುಖಾ ಮೇಲಿನ ಊರು, ದೊಂಪೋಲಾ ಕೆಳಗಿನ ಊರು. ನಾಟಿಯ ಕಾಲದಲ್ಲಿ ಒಂದು ಗೊತ್ತಾದ ದಿನದ ತನಕ ಹಳ್ಳದ ನೀರಿನ ಮೇಲೆ ಮೇಲಿನ ಊರಿಗೇ ಹಕ್ಕು. ಹೊತ್ತು ಮೀರಿ ನೀರು ಬರುವುದರಿಂದ ಕೆಳಗಿನ ಊರಿನವರಿಗೆ ಅಸಮಾಧಾನ. 2003ರಲ್ಲಿ ಸಂಶೋಧಕರು ಎರಡೂ ಊರುಗಳ ರೈತರನ್ನು ಕೂಡಿಸಿ ಒಂದು ಆಟ ಆಡಿಸಿದರು. ಹಲಗೆಯ ಮೇಲೆ ಗದ್ದೆಗಳು. ಮಳೆ ಬಂತೋ ಇಲ್ಲವೋ ಎಂಬುದಕ್ಕೆ ಚೀಟಿ. ಯಾರು ಎಷ್ಟು ನೀರು ಬಿಟ್ಟರು, ಏನು ಬೆಳೆದರು ಎಂಬ ಲೆಕ್ಕ. ಒಂದು ಸರದಿಯಲ್ಲಿ ಮೇಲಿನವರು ಕೆಳಗಿನವರಾಗಿಯೂ ಕೆಳಗಿನವರು ಮೇಲಿನವರಾಗಿಯೂ ಆಡಿದರು. ಆಟದಲ್ಲಿ ರೈತರು ನಡೆದುಕೊಂಡ ರೀತಿಯನ್ನೇ ಏಜೆಂಟರ ನಿಯಮವಾಗಿ ಬರೆದು, ನೀರು ಹಂಚುವ ಬೇರೆ ಬೇರೆ ಕ್ರಮಗಳ ಫಲವನ್ನು ಕಂಪ್ಯೂಟರಿನಲ್ಲಿ ನೋಡಿದರು. ಜಗಳವಾಡುತ್ತಿದ್ದವರು ಒಂದೇ ಹಲಗೆಯ ಸುತ್ತ ಕುಳಿತು ಒಬ್ಬರ ಕಷ್ಟ ಒಬ್ಬರು ಕಂಡರು. ಯಂತ್ರಕ್ಕಿಂತ ದೊಡ್ಡ ಲಾಭ ಇದು.

ಪಟ್ಟಣಗಳಲ್ಲಿ

ಈ ವಿಧಾನ ಪಟ್ಟಣಗಳಲ್ಲೂ ದುಡಿಯುತ್ತಿದೆ. ಅಮೆರಿಕದ ಪಿಟ್ಸ್‌ಬರ್ಗ್ ಪಟ್ಟಣದಲ್ಲಿ 2012ರಲ್ಲಿ ಒಂಬತ್ತು ರಸ್ತೆಕೂಡುಗಳ ಸಿಗ್ನಲ್ ದೀಪಗಳನ್ನು ಒಂದೊಂದು ಏಜೆಂಟನ ಕೈಗೆ ಕೊಟ್ಟು ನೋಡಿದರು. ಪ್ರತಿ ಏಜೆಂಟನು ತನ್ನ ಕಡೆಗೆ ಬರುವ ವಾಹನಗಳನ್ನು ಕ್ಯಾಮೆರಾದಿಂದ ನೋಡಿ ಹಸಿರು ದೀಪದ ಹೊತ್ತನ್ನು ತಾನೇ ಗೊತ್ತುಮಾಡಿ, ಇಷ್ಟು ವಾಹನ ನಿನ್ನ ಕಡೆಗೆ ಬರುತ್ತಿದೆ ಎಂದು ಮುಂದಿನ ಕೂಡಿಗೆ ತಿಳಿಸುತ್ತದೆ. ಇದರಿಂದ ಪ್ರಯಾಣದ ಹೊತ್ತು ಸುಮಾರು ನಾಲ್ಕನೆಯ ಒಂದು ಭಾಗ ಕಡಮೆಯಾಯಿತು. ದೊಡ್ಡ ವ್ಯಾಪಾರ ಸಂಸ್ಥೆಗಳ ಉಗ್ರಾಣಗಳಲ್ಲಿ ನೂರಾರು ಚಿಕ್ಕ ಗಾಡಿಗಳು ಚಾಲಕನಿಲ್ಲದೆ ಓಡಾಡುತ್ತ, ಸಾಮಾನಿನ ಕಪಾಟನ್ನೇ ಹೊತ್ತು ಕೆಲಸಗಾರನ ಬಳಿಗೆ ತರುತ್ತವೆ. ಅಲ್ಲೂ ಒಂದೊಂದು ಗಾಡಿ ಒಂದೊಂದು ಏಜೆಂಟ್.

ನೀವೇ ಆಡಿ ನೋಡಿ

ಇದನ್ನು ತಿಳಿಯಲು ಕಂಪ್ಯೂಟರ್ ಬೇಕಾಗಿಲ್ಲ. ಜಗಲಿಯ ಮೇಲೆ ಸೀಮೆಸುಣ್ಣ, ಹಿಡಿ ಹುರುಳಿ, ಆರು ಜನ ಇದ್ದರೆ ಸಾಕು.

ಒಂದು ಕಾಲುವೆ ಬರೆದು ಅದರ ಪಕ್ಕದಲ್ಲಿ ಸಾಲಾಗಿ ಆರು ಗದ್ದೆ ಬರೆಯಿರಿ. ತೂಬಿನ ಹತ್ತಿರದ್ದು 1ನೆಯದು, ಕೊನೆಯದು 6ನೆಯದು. ಒಂದೊಂದು ಗದ್ದೆಗೆ ಒಬ್ಬರು ಕೂರಲಿ. ನಾಟಿಗೆ ಮೂರು ಪಕ್ಷಗಳಿವೆ: ಅ, ಆ, ಇ. ಎಲ್ಲರೂ ಒಂದೊಂದು ಪಕ್ಷವನ್ನು ಆರಿಸಿಕೊಳ್ಳಲಿ. ಪ್ರತಿ ಗದ್ದೆಯ ಪೂರ್ತಿ ಫಸಲು 10 ಕಾಳು. ನಿಯಮಗಳು ಎರಡು:

(1) ನೀರು: ಒಂದು ಪಕ್ಷದಲ್ಲಿ ಎರಡು ಗದ್ದೆಗೆ ಮಾತ್ರ ನೀರು ಸಾಲುತ್ತದೆ. ಅದಕ್ಕಿಂತ ಹೆಚ್ಚು ಜನ ಅದೇ ಪಕ್ಷ ಹಿಡಿದರೆ ಮೇಲಿನ ಇಬ್ಬರಿಗೆ ನೀರು. ಉಳಿದ ಒಬ್ಬೊಬ್ಬರಿಗೂ 4 ಕಾಳು ನಷ್ಟ.

(2) ಹುಳು: ಪಕ್ಕದ ಗದ್ದೆಯ ಪಕ್ಷ ಬೇರೆಯಾದರೆ 2 ಕಾಳು ನಷ್ಟ. ಎರಡು ಪಕ್ಕವೂ ಬೇರೆಯಾದರೆ 4 ಕಾಳು ನಷ್ಟ.

ಆರೂ ಜನ ಒಂದೇ ಪಕ್ಷ ಹಿಡಿದರೆ ಹುಳುವಿನ ನಷ್ಟವಿಲ್ಲ. ಆದರೆ ಕೆಳಗಿನ ನಾಲ್ವರಿಗೆ ನೀರಿಲ್ಲ. ಒಟ್ಟು ಫಸಲು 44. ಅ, ಆ, ಇ, ಅ, ಆ, ಇ ಎಂದು ಚದುರಿ ನೆಟ್ಟರೆ ನೀರು ಎಲ್ಲರಿಗೂ ಸಾಲುತ್ತದೆ, ಹುಳು ತಿನ್ನುತ್ತದೆ. ಒಟ್ಟು 40. ಜೋಡಿ ಜೋಡಿಯಾಗಿ ಅ, ಅ, ಆ, ಆ, ಇ, ಇ ಎಂದು ನೆಟ್ಟರೆ ಒಟ್ಟು 52. ಗದ್ದೆ ಅವೇ, ನೀರು ಅದೇ, ಬೀಜ ಅದೇ. ಹೆಚ್ಚಿಗೆ ಬಂದ ಕಾಳು ಹೊಂದಾಣಿಕೆಯ ಫಸಲು.

ಇನ್ನು ಚದುರಿದ ನಾಟಿಯಿಂದ ಹೊರಟು, ಪ್ರತಿ ವರ್ಷ ಪಕ್ಕದವರಲ್ಲಿ ತನಗಿಂತ ಹೆಚ್ಚು ಬೆಳೆದವನ ಪಕ್ಷವನ್ನು ಅನುಸರಿಸುತ್ತ ಆಡಿ. ಮೊದಲ ವರ್ಷ 8, 6, 6, 6, 6, 8. ಆದುದರಿಂದ 2ನೆಯವನು 1ನೆಯವನನ್ನೂ, 5ನೆಯವನು 6ನೆಯವನನ್ನೂ ಅನುಸರಿಸುತ್ತಾರೆ. ಎರಡನೆಯ ವರ್ಷವೂ ಒಟ್ಟು 40ರಲ್ಲೇ ನಿಲ್ಲುತ್ತದೆ. ಆದರೆ 4ನೆಯವನಿಗೆ ಬರಿಯ 2 ಕಾಳು. ಅವನೂ 3ನೆಯವನೂ ತಮ್ಮ ಪಕ್ಷ ಬದಲಿಸುತ್ತಾರೆ. ಮೂರನೆಯ ವರ್ಷ ಅ, ಅ, ಅ, ಇ, ಇ, ಇ ಎಂದಾಗಿ ಒಟ್ಟು 48ಕ್ಕೆ ಏರುತ್ತದೆ. ಯಾರೂ ಅಪ್ಪಣೆ ಕೊಡಲಿಲ್ಲ. ಗುಂಪು ತಾನಾಗಿ ಕೂಡಿತು.

ಆದರೆ ಆಟ ಅಲ್ಲಿಗೇ ನಿಂತುಬಿಡುತ್ತದೆ. ಬರಿಯ ನೋಡಿ ಕಲಿಯುವುದರಿಂದ 52 ಮುಟ್ಟುವುದಿಲ್ಲ. ಅದಕ್ಕೆ 3ನೆಯವನೂ 4ನೆಯವನೂ ಒಟ್ಟಿಗೆ ಆ ಪಕ್ಷಕ್ಕೆ ಹೋಗಬೇಕು. ಹೋದರೆ 3ನೆಯವನ ಫಸಲು 4ರಿಂದ 8ಕ್ಕೂ, ಕೊನೆಯವನ ಫಸಲು 6ರಿಂದ 10ಕ್ಕೂ ಏರುತ್ತದೆ. 4ನೆಯವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 2ನೆಯವನಿಗೂ 5ನೆಯವನಿಗೂ ಎರಡೆರಡು ಕಾಳು ಕಡಮೆ. ಇವರನ್ನು ಒಪ್ಪಿಸುವುದು ಹೇಗೆ? ಕಾಲುವೆ ಹೂಳೆತ್ತುವ ಕೆಲಸದಲ್ಲಿ ಇವರ ಆಳಿನ ಪಾಲನ್ನು ಕಡಮೆ ಮಾಡಬಹುದು. ಗಳಿಸಿದವರು ಕಳೆದುಕೊಂಡವರಿಗೆ ತುಂಬಿಕೊಡಬಹುದು. ಸರದಿಯನ್ನು ವರ್ಷದಿಂದ ವರ್ಷಕ್ಕೆ ತಿರುಗಿಸಬಹುದು. ಇದನ್ನು ತೀರ್ಮಾನಿಸುವುದು ಯಂತ್ರವಲ್ಲ, ಕೂಡಿ ಕುಳಿತ ಸಭೆ. ನೋಡಿ ಕಲಿಯುವುದರಿಂದ ಮೂರರಲ್ಲಿ ಎರಡು ಪಾಲು ದಾರಿ. ಕೂಡಿ ಮಾತನಾಡುವುದರಿಂದ ಉಳಿದ ದಾರಿ.

ಕಂಪ್ಯೂಟರ್ ಮಾಡಲಾರದ ಕೆಲಸ

ಈ ವಿಧಾನಕ್ಕೂ ಮಿತಿಯಿದೆ. ತಪ್ಪು ಅಳತೆ ಹಾಕಿದರೆ ತಪ್ಪು ಉತ್ತರವೇ ಬರುತ್ತದೆ. ಕಾಲುವೆಯಲ್ಲಿ ಎಷ್ಟು ನೀರು, ಯಾವ ವಾರ ಯಾರು ನೆಟ್ಟರು, ಹುಳು ಎಲ್ಲಿ ಮೊದಲು ಕಂಡಿತು ಎಂಬುದನ್ನು ಹೇಳಬಲ್ಲವರು ಗದ್ದೆಯಲ್ಲಿ ನಿಂತವರೇ. ಅಲ್ಲದೆ ಕಂಪ್ಯೂಟರ್ ಹತ್ತು ದಾರಿಗಳ ಫಲವನ್ನು ತೋರಿಸಬಲ್ಲುದು; ಯಾವ ದಾರಿ ನ್ಯಾಯವೆಂದು ಹೇಳಲಾರದು. ಒಟ್ಟು ಫಸಲು ಹೆಚ್ಚಾಗಿಯೂ ಒಬ್ಬನ ಮನೆಗೆ ಕಡಮೆ ಬರಬಹುದೆಂಬುದನ್ನು ಹುರುಳಿಕಾಳಿನ ಆಟದಲ್ಲಿಯೇ ಕಂಡೆವು.

ಈ ಸಲದ ನಾಟಿಗೆ ಮುಂಚೆ

ನಿಮ್ಮ ಕೆರೆ ಅಥವಾ ಕಾಲುವೆಯ ಅಚ್ಚುಕಟ್ಟಿನಲ್ಲಿ ಈ ಕೆಲಸಗಳನ್ನು ಮಾಡಿ ನೋಡಿ.

1. ಸಸಿಮಡಿಗೆ ಬೀಜ ಹಾಕುವ ಮುಂಚೆಯೇ ನೀರು ಬಳಕೆದಾರರ ಸಹಕಾರ ಸಂಘದಲ್ಲಿ, ಸಂಘವಿಲ್ಲದ ಕಡೆ ಪಂಚಾಯಿತಿಯ ಕಟ್ಟೆಯಲ್ಲಿ, ಮೇಲಿನವರೂ ಕೆಳಗಿನವರೂ ಒಟ್ಟಿಗೆ ಸೇರಿ. ಬೀಜ ಬಿದ್ದ ಮೇಲೆ ಮಾತನಾಡಿ ಫಲವಿಲ್ಲ.

2. ಅಚ್ಚುಕಟ್ಟಿನ ನಕ್ಷೆ ಬರೆದು ಕಳೆದ ವರ್ಷ ಯಾರು ಯಾವ ವಾರ ನೆಟ್ಟರು ಎಂದು ಗುರುತಿಸಿ. ಹುಳು ಬಿದ್ದ ಗದ್ದೆ, ನೀರು ಸಾಲದ ಗದ್ದೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಿ.

3. ಒಂದೊಂದು ಕವಲಿನ ಗದ್ದೆಗಳೆಲ್ಲ ಒಂದೇ ವಾರದಲ್ಲಿ ನಾಟಿಯಾಗುವಂತೆ, ಕವಲು ಕವಲಿಗೆ ಸರದಿ ಬರುವಂತೆ ಹೊಂದಿಸಿ.

4. ಜಿಗಿಹುಳು ಬೀಳುವ ಸೀಮೆಯಲ್ಲಿ ನಾಟಿ ಮಾಡುವಾಗ ಪ್ರತಿ ಎರಡು ಮೂರು ಮೀಟರಿಗೆ ಒಂದಡಿ ಅಗಲದ ಓಣಿ ಬಿಡಿ. ಯೂರಿಯಾ ಮಿತಿಮೀರಬಾರದು. ಆಗಾಗ ಗದ್ದೆಯ ನೀರು ಬಸಿಯಿರಿ. ಪೈರಿನ ತುದಿಯನ್ನಲ್ಲ, ಬುಡವನ್ನು ಬಗ್ಗಿ ನೋಡಿ. ಔಷಧಿಗೆ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

5. ಸರದಿಯಿಂದ ಯಾರಿಗೆ ನಷ್ಟವಾಗುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿ, ಅದನ್ನು ತುಂಬಿಕೊಡುವ ಬಗೆಯನ್ನು ಸಭೆಯ ಪುಸ್ತಕದಲ್ಲಿ ಬರೆದಿಡಿ.

ಚರ್ಚೆಗೆ ಪ್ರಶ್ನೆಗಳು

(1) ನಿಮ್ಮ ಅಚ್ಚುಕಟ್ಟಿನಲ್ಲಿ ಮೇಲಿನವರಿಗೆ ಯಾವುದರ ಭಯ ಹೆಚ್ಚು? ಕೆಳಗಿನವರಿಗೆ ಯಾವುದರ ಭಯ ಹೆಚ್ಚು?

(2) ಹುರುಳಿಕಾಳಿನ ಆಟದಲ್ಲಿ ನೀರು ಒಂದು ಪಕ್ಷಕ್ಕೆ ಮೂರು ಗದ್ದೆಗೆ ಸಾಲುವಂತಿದ್ದರೆ ಯಾವ ಹೊಂದಾಣಿಕೆ ಮೇಲು? ಆಡಿ ಲೆಕ್ಕ ಹಾಕಿ.

(3) 1ನೆಯ ಗದ್ದೆಯವನು 6ನೆಯ ಗದ್ದೆಯಲ್ಲಿಯೂ, 6ನೆಯವನು 1ನೆಯದರಲ್ಲಿಯೂ ಕುಳಿತು ಆಡಿದರೆ ಇಬ್ಬರ ಮಾತಿನಲ್ಲಿ ಏನು ಬದಲಾವಣೆ ಕಾಣುತ್ತದೆ?

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮಳೆಯ ಹನಿ ತಾನಾಗಿ ಕೂಡುತ್ತದೆ. ಮನುಷ್ಯರು ಕೂಡಬೇಕಾದರೆ ಯಾರಾದರೂ ಒಬ್ಬರು ಎದ್ದು ನೆರೆಯವನನ್ನು ಕರೆಯಬೇಕು. ಈ ಸಲ ತೂಬು ಎತ್ತುವ ಮುಂಚೆ ಆ ಕರೆ ನಿಮ್ಮ ಮನೆಯಿಂದಲೇ ಹೊರಡಲಿ.